ದುಬೈನಿಂದ ರಜೆಗೆ ಬಂದು ಊರಿನ ಬ್ಯಾಂಕಿನಲ್ಲಿ 25 ಲಕ್ಷ ನಗದು ತೆಗೆಯುವುದು ಹೇಗೆ?

ಪ್ರಶ್ನೆ: ಹನ್ನೊಂದು ವರ್ಷದಿಂದ ದುಬೈನಲ್ಲಿ ಕೆಲಸ. ಊರು ಕುಂದಾಪುರದ ಹತ್ತಿರ. ಊರಿನ ಬ್ಯಾಂಕಿನ ಎನ್‌ಆರ್‌ಒ ಖಾತೆಯಲ್ಲಿ (ಅನಿವಾಸಿಗಳು ಭಾರತದಲ್ಲಿನ ಆದಾಯ ಇಡುವ ಖಾತೆ) ಬಾಡಿಗೆ ಮತ್ತು ಹಳೆಯ ಠೇವಣಿಯ ಹಣ ಸೇರಿ ಸುಮಾರು 32 ಲಕ್ಷ ಇದೆ. ತಂಗಿಯ ಮದುವೆಗೂ ಮನೆಯ ಮೇಲಂತಸ್ತಿನ ಸ್ಲ್ಯಾಬ್‌ಗೂ 25 ಲಕ್ಷ ನಗದು ಬೇಕು. ನನಗೆ ಸಿಗುವುದು ಮೂರು ವಾರ ರಜೆ. ಬ್ಯಾಂಕಿನವರು ಅಷ್ಟು ಕೊಡುತ್ತಾರೆಯೇ? ತೆರಿಗೆ ಕಡಿಯುತ್ತಾರೆಯೇ? ಚೆಕ್ ಸಹಿ ಹಾಕಿ ತಂದೆಯವರಿಗೆ ಕಳಿಸಿ ಮೊದಲೇ ತೆಗೆಸಬಹುದೇ? ಕಡಿಮೆ ಬಿದ್ದರೆ ದುಬೈನಿಂದ ಕೈಯಲ್ಲೇ ಹಣ ತರಬಹುದೇ?

ಉತ್ತರ: ನಿಮ್ಮ ಹಣ ನಿಮ್ಮದು. ಖಾತೆಯಲ್ಲಿರುವಷ್ಟನ್ನು ನಗದಾಗಿ ಕೇಳುವ ಹಕ್ಕು ನಿಮಗಿದೆ, ಬ್ಯಾಂಕಿನವರು ಇಲ್ಲ ಎನ್ನುವಂತಿಲ್ಲ. ಮೊದಲೇ ತಿಳಿಸಿ ಎನ್ನಬಹುದು, ಗುರುತು ಮತ್ತು ಸಹಿ ಕೇಳಬಹುದು, ಅಷ್ಟೆ. ತೊಡಕಿರುವುದು ಹಣ ಕೌಂಟರ್ ದಾಟಿದ ಮೇಲೆ. ನೀವು ಹೇಳಿದ ಖರ್ಚುಗಳಲ್ಲಿ ಹೆಚ್ಚಿನವನ್ನು ನಗದಾಗಿ ಪಡೆಯುವ ಅಧಿಕಾರ ಎದುರಿನವರಿಗೇ ಇಲ್ಲ. ಹಾಗಾಗಿ ಮೊದಲು ಲೆಕ್ಕ ಹಾಕಬೇಕಾದದ್ದು 25 ಲಕ್ಷದಲ್ಲಿ ನಗದು ಎಷ್ಟು ಬೇಕು ಎಂಬುದನ್ನು.

ಆದಾಯ ತೆರಿಗೆ ಕಾನೂನಿನಲ್ಲಿ 2017ರ ಏಪ್ರಿಲ್‌ನಿಂದ ಒಂದು ನಿಯಮವಿದೆ. ಯಾರೇ ಆಗಲಿ ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದು ವ್ಯವಹಾರಕ್ಕೆ, ಅಥವಾ ಒಂದು ಸಮಾರಂಭಕ್ಕೆ ಸಂಬಂಧಿಸಿದಂತೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದು. ಪಡೆದರೆ ಎಷ್ಟು ಪಡೆದರೋ ಅಷ್ಟೇ ದಂಡ, ಅದೂ ಪಡೆದವರಿಗೆ. ಬ್ಯಾಂಕಿನಿಂದ ನೀವು ನಗದು ತೆಗೆಯುವುದಕ್ಕೆ ಇದು ಅನ್ವಯಿಸುವುದಿಲ್ಲ. ಅದೇ ನಗದನ್ನು ಸಭಾಭವನದವರಿಗೆ, ಅಡುಗೆಯವರಿಗೆ, ಚಿನ್ನದ ಅಂಗಡಿಯವರಿಗೆ ಕೊಡುವಾಗ ಅನ್ವಯಿಸುತ್ತದೆ. "ಮುಂಗಡ ಒಂದು ಲಕ್ಷ, ಮದುವೆ ದಿನ ಒಂದೂವರೆ ಲಕ್ಷ, ಎರಡೂ ಎರಡು ಲಕ್ಷದ ಒಳಗೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮದುವೆ ಒಂದೇ ಸಮಾರಂಭವಾದ್ದರಿಂದ ಎರಡು ಕಂತನ್ನೂ ಕೂಡಿಸಿಯೇ ನೋಡುತ್ತಾರೆ. ಉಡುಗೊರೆಯ ಹಣಕ್ಕೂ ಇದೇ ಮಿತಿ: ನೀವು ತಂದೆಯವರ ಕೈಗೆ 3 ಲಕ್ಷ ನಗದು ಉಡುಗೊರೆ ಕೊಟ್ಟರೆ ತಪ್ಪು ಅವರ ತಲೆಯ ಮೇಲೆ ಬರುತ್ತದೆ. ಅದೇ ಹಣವನ್ನು ಖಾತೆಯಿಂದ ಖಾತೆಗೆ ಕಳಿಸಿದರೆ ಈ ತೊಂದರೆಯಿಲ್ಲ, ಮಗ ತಂದೆಗೆ ಕೊಟ್ಟ ಉಡುಗೊರೆಗೆ ತೆರಿಗೆಯೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಸಭಾಭವನ ಎರಡೂವರೆ ಲಕ್ಷ, ಅಡುಗೆಯವರಿಗೆ ನಾಲ್ಕೂವರೆ, ಚಿನ್ನಕ್ಕೆ 8, ಸ್ಲ್ಯಾಬ್ ಕಂಟ್ರಾಕ್ಟರಿಗೆ 6 ಎಂದುಕೊಂಡರೆ 21 ಲಕ್ಷ ಆಯಿತು. ಈ ನಾಲ್ವರೂ ಬ್ಯಾಂಕಿನ ಮೂಲಕವೇ ಪಡೆಯಬೇಕಾದವರು. ನಗದು ನಿಜವಾಗಿ ಬೇಕಾಗುವುದು ಪುರೋಹಿತರ ದಕ್ಷಿಣೆ, ವಾದ್ಯದವರು, ಹೂವು, ಬಾಳೆಎಲೆ, ವಾಹನ, ಕೆಲಸದಾಳುಗಳ ದಿನಗೂಲಿ, ಉಡುಗೊರೆ ಲಕೋಟೆ, ಇಂಥವಕ್ಕೆ. ಅದು 4 ಲಕ್ಷದೊಳಗೆ ಮುಗಿಯುತ್ತದೆ. 25 ಲಕ್ಷ ನಗದನ್ನು ಮನೆಯ ಕಪಾಟಿನಲ್ಲಿಟ್ಟು ಮದುವೆ ಮನೆಯ ಗಲಾಟೆಯಲ್ಲಿ ಮೂರು ವಾರ ಕಾಯುವ ಆತಂಕ ಯಾರಿಗೂ ಬೇಡ.

ಕಂಟ್ರಾಕ್ಟರ್ "ನಗದು ಕೊಟ್ಟರೆ ಸ್ವಲ್ಪ ಕಡಿಮೆ ಮಾಡುತ್ತೇನೆ" ಎನ್ನಬಹುದು. ಒಪ್ಪಬೇಡಿ. ಸ್ಲ್ಯಾಬ್ ಸೋರಿದರೆ, ಕೆಲಸ ಅರ್ಧಕ್ಕೆ ನಿಂತರೆ, ಹಣ ಕೊಟ್ಟದ್ದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ. ಮುಂದೆ ಮನೆ ಮಾರುವಾಗಲೂ ಕಟ್ಟಿದ ಖರ್ಚನ್ನು ಲಾಭದಿಂದ ಕಳೆಯಲು ಅದೇ ಆಧಾರ. ವಿದೇಶದಲ್ಲಿರುವವರು ಪ್ರತಿ ತಕರಾರಿಗೂ ಊರಿಗೆ ಬಂದು ನಿಲ್ಲಲಾಗುವುದಿಲ್ಲ, ಅವರ ಪರವಾಗಿ ಕಾಗದವೇ ಮಾತಾಡಬೇಕು.

ಈಗ ತೆರಿಗೆ ಕಡಿತ. 194ಎನ್ ಎಂದು ಬ್ಯಾಂಕಿನವರ ಬಾಯಲ್ಲಿ ರೂಢಿಯಾಗಿರುವ ನಿಯಮವಿದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬೇರೆಯಾಗಿದ್ದರೂ ಕೌಂಟರಿನಲ್ಲಿ ಹಳೆಯ ಹೆಸರೇ ಓಡುತ್ತಿದೆ. ಒಂದು ಹಣಕಾಸು ವರ್ಷದಲ್ಲಿ ಒಂದು ಬ್ಯಾಂಕಿನಿಂದ, ಆ ಬ್ಯಾಂಕಿನಲ್ಲಿರುವ ನಿಮ್ಮ ಎಲ್ಲ ಖಾತೆ, ಎಲ್ಲ ಶಾಖೆ ಸೇರಿ, 1 ಕೋಟಿ ಮೀರಿ ನಗದು ತೆಗೆದರೆ ಮೀರಿದ ಮೊತ್ತದ ಮೇಲೆ ಶೇ 2 ಕಡಿತ. ನಾವು ಅಷ್ಟು ತೆಗೆಯುವುದಿಲ್ಲವಲ್ಲ ಎಂದು ಹೆಚ್ಚಿನವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಹಳೆಯ ಕಾಯ್ದೆಯಲ್ಲಿ ಹಿಂದಿನ ಮೂರೂ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸದವರಿಗೆ ಈ ಮಿತಿ 20 ಲಕ್ಷಕ್ಕೆ ಇಳಿಯುತ್ತಿತ್ತು: 20 ಲಕ್ಷ ಮೀರಿದ ಮೊತ್ತಕ್ಕೆ ಶೇ 2, 1 ಕೋಟಿ ಮೀರಿದ್ದಕ್ಕೆ ಶೇ 5. ಕೊಲ್ಲಿ ದೇಶಗಳಲ್ಲಿ ದುಡಿಯುವ ಎಷ್ಟೋ ಮಂದಿ "ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ಹಾಗಾಗಿ ಭಾರತದಲ್ಲಿ ರಿಟರ್ನೂ ಬೇಡ" ಎಂದುಕೊಂಡಿರುತ್ತಾರೆ. ನೀವೂ ಹಾಗೆ ಸಲ್ಲಿಸದೆ ಬಿಟ್ಟಿದ್ದು, ಆ ನಿಯಮ ಈಗಲೂ ಅನ್ವಯಿಸುತ್ತದೆ ಎಂದು ನಿಮ್ಮ ಬ್ಯಾಂಕ್ ಹೇಳಿದರೆ, 25 ಲಕ್ಷವನ್ನೂ ನಗದಾಗಿ ತೆಗೆದಾಗ 20 ಲಕ್ಷ ಮೀರಿದ 5 ಲಕ್ಷಕ್ಕೆ ಶೇ 2, ಅಂದರೆ 10,000 ರೂಪಾಯಿ ಕಡಿತವಾಗುತ್ತದೆ. 4 ಲಕ್ಷ ಮಾತ್ರ ತೆಗೆದರೆ ಒಂದು ಪೈಸೆಯೂ ಇಲ್ಲ.

ಆ ಕಡಿತ ನಿಮ್ಮ ಹೆಸರಿಗೆ ಜಮೆಯಾದ ಮುಂಗಡ ತೆರಿಗೆ. ರಿಟರ್ನ್ ಸಲ್ಲಿಸಿದರೆ ಬಾಕಿ ತೆರಿಗೆಗೆ ಹೊಂದಿಸಿಕೊಂಡು ಉಳಿದದ್ದನ್ನು ವಾಪಸ್ ಪಡೆಯಬಹುದು. ನಿಮಗೆ ರಿಟರ್ನ್ ಸಲ್ಲಿಸಲು ಇನ್ನೂ ದೊಡ್ಡ ಕಾರಣವಿದೆ. ಎನ್‌ಆರ್‌ಒ ಠೇವಣಿಯ ಬಡ್ಡಿಯ ಮೇಲೆ ಬ್ಯಾಂಕ್ ಶೇ 30 ಮತ್ತು ಅದರ ಮೇಲೆ ಸೆಸ್ ಸೇರಿ ಶೇ 31.2 ಕಡಿಯುತ್ತದೆ. ನಿಮ್ಮ ಭಾರತದ ಆದಾಯ ಸಣ್ಣದಾಗಿದ್ದರೆ ಅದರಲ್ಲಿ ದೊಡ್ಡ ಪಾಲು ವಾಪಸ್ ಬರಬೇಕಾದ ಹಣ, ರಿಟರ್ನ್ ಹಾಕದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಪ್ಯಾನ್ ಜೀವಂತವಾಗಿದೆಯೇ ಎಂದೂ ದುಬೈನಲ್ಲಿರುವಾಗಲೇ ನೋಡಿಕೊಳ್ಳಿ. ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈನಿಂದ ನಿಷ್ಕ್ರಿಯವಾದವು. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇದ್ದರೂ ಇಲಾಖೆಯ ದಾಖಲೆಯಲ್ಲಿ ನೀವು ಅನಿವಾಸಿ ಎಂದು ನಮೂದಾಗಿರಬೇಕು. ಆಗಿಲ್ಲದಿದ್ದರೆ ನಿಮ್ಮ ಪ್ಯಾನ್ ಕೂಡ ನಿಷ್ಕ್ರಿಯ ಎಂದೇ ತೋರಿಸುತ್ತದೆ, ಕಡಿತ ಹೆಚ್ಚಿನ ದರದಲ್ಲಿ ಬೀಳುತ್ತದೆ. ಇದನ್ನು ಸರಿಪಡಿಸಲು ವಾರಗಳು ಹಿಡಿಯುತ್ತವೆ, ಮೂರು ವಾರದ ರಜೆಯಲ್ಲಿ ಆಗುವ ಕೆಲಸವಲ್ಲ.

"10 ಲಕ್ಷ ಮೀರಿದರೆ ಸರ್ಕಾರಕ್ಕೆ ವರದಿ ಹೋಗುತ್ತದಂತೆ, ಹಾಗಾಗಿ ಒಂಬತ್ತೂವರೆ ಒಂಬತ್ತೂವರೆ ತೆಗೆಯಿರಿ" ಎಂಬ ಸಲಹೆಯನ್ನೂ ನೀವು ಕೇಳಿರಬಹುದು. 10 ಲಕ್ಷ ಮೀರಿದ ನಗದು ವ್ಯವಹಾರವನ್ನು ಬ್ಯಾಂಕ್ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸುವುದು ನಿಜ. ಅದು ಮಾಮೂಲಿ ವರದಿ, ಅದರಿಂದ ನಿಮ್ಮ ಮೇಲೆ ಆರೋಪವೇನೂ ಬರುವುದಿಲ್ಲ. ಒಂದಕ್ಕೊಂದು ಸಂಬಂಧವಿರುವ ಸಣ್ಣ ಸಣ್ಣ ವ್ಯವಹಾರಗಳು ಒಂದೇ ತಿಂಗಳಲ್ಲಿ ಸೇರಿ 10 ಲಕ್ಷ ದಾಟಿದರೂ ವರದಿ ಹೋಗುತ್ತದೆ. ತುಂಡು ಮಾಡಿದ್ದರಿಂದ ಆಗುವುದಿಷ್ಟೇ: ಮಾಮೂಲಿ ವರದಿಯಲ್ಲಿ ಮುಗಿಯಬೇಕಾದದ್ದು ಅನುಮಾನಾಸ್ಪದ ವ್ಯವಹಾರದ ವರದಿಗೆ ಹೋಗುತ್ತದೆ. ಬೇಕಾದದ್ದನ್ನು ನೇರವಾಗಿ ಒಂದೇ ಸಲ ತೆಗೆಯಿರಿ.

ಹೊರಡುವ ಒಂದು ತಿಂಗಳ ಮುಂಚೆ ಖಾತೆಯ ಸ್ಥಿತಿ ವಿಚಾರಿಸಿ. ಎರಡು ವರ್ಷ ನಿಮ್ಮ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಮತ್ತೆ ಚಾಲೂ ಮಾಡಲು ಶುಲ್ಕವಿಲ್ಲ, ಆದರೆ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಹೊಸದಾಗಿ ಕೊಡಬೇಕು: ಪಾಸ್‌ಪೋರ್ಟ್, ವೀಸಾ ಅಥವಾ ಎಮಿರೇಟ್ಸ್ ಐಡಿ, ವಿದೇಶದ ವಿಳಾಸದ ಪುರಾವೆ, ಫೋಟೊ, ಪ್ಯಾನ್. ಅಲ್ಲಿಂದಲೇ ಕಳಿಸುವುದಾದರೆ ಪ್ರತಿಗಳನ್ನು ಭಾರತೀಯ ಕಾನ್ಸುಲೇಟ್, ನೋಟರಿ ಅಥವಾ ಭಾರತೀಯ ಬ್ಯಾಂಕಿನ ವಿದೇಶಿ ಶಾಖೆಯ ಅಧಿಕಾರಿ ದೃಢೀಕರಿಸಿರಬೇಕು. ಊರಲ್ಲಿ ನಿಮ್ಮ ಹೆಸರಿನಲ್ಲಿ ಸಾಮಾನ್ಯ ಉಳಿತಾಯ ಖಾತೆ ಇನ್ನೂ ಹಾಗೇ ಇದ್ದರೆ ಅದನ್ನೂ ಎನ್‌ಆರ್‌ಒಗೆ ಬದಲಿಸಿ. ವಿದೇಶದಲ್ಲಿ ನೆಲೆಸಿದವರು ನಿವಾಸಿ ಖಾತೆ ನಡೆಸುವುದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಗೆ ವಿರುದ್ಧ. ದೊಡ್ಡ ಮೊತ್ತ ಕೇಳಿದ ದಿನವೇ ಬ್ಯಾಂಕಿನವರು ನಿಮ್ಮ ಪಾಸ್‌ಪೋರ್ಟ್ ತಿರುವಿ ನೋಡಿ ಇದನ್ನು ಎತ್ತಿದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಸಹಿಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೌಂಟರಿನಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಖಾತೆ ತೆರೆದದ್ದು ಕಾಲೇಜಿನ ದಿನಗಳಲ್ಲಿ, ಆಗ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿರುತ್ತೀರಿ. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನ ಗೀಚು ಸಹಿ, ಹನ್ನೊಂದು ವರ್ಷದಿಂದ ಕೈಗೆ ಅದೇ ರೂಢಿ. ಚೆಕ್ ಕೊಟ್ಟಾಗ ಅಧಿಕಾರಿ ಪರದೆಯ ಮೇಲೆ ಹಳೆಯ ಸಹಿಯ ಚಿತ್ರ ತೆರೆದು, ದೊಡ್ಡದು ಮಾಡಿ, ಪಕ್ಕದಲ್ಲಿ ಚೆಕ್ ಹಿಡಿದು ನೋಡುತ್ತಾರೆ. ಅಲ್ಲಿ "ಕೃ" ಎಂಬ ವಟ್ರಸುಳಿಯ ಅಕ್ಷರವಿದ್ದು ಇಲ್ಲಿ "ಕೆ" ಎಂಬ ಇಂಗ್ಲಿಷ್ ಗೆರೆಯಿದ್ದರೆ, ನೀವು ಎದುರಿಗೇ ನಿಂತಿದ್ದರೂ ಅವರು ಪಾಸ್ ಮಾಡುವಂತಿಲ್ಲ. ನಿಮ್ಮನ್ನು ಗುರುತಿಸುವ ಹಳೆಯ ಮ್ಯಾನೇಜರ್ ವರ್ಗವಾಗಿ ಹೋಗಿರುತ್ತಾರೆ. ಆದ್ದರಿಂದ ಶಾಖೆಗೆ ಮೊದಲ ಸಲ ಹೋದ ದಿನವೇ ಸಹಿ ಬದಲಾವಣೆಯ ಅರ್ಜಿ ಕೊಡಿ, ಹಳೆಯ ಸಹಿ ಮತ್ತು ಹೊಸ ಸಹಿ ಎರಡನ್ನೂ ಅವರ ಎದುರೇ ಹಾಕಿ, ಪಾಸ್‌ಪೋರ್ಟ್ ಮೂಲಪ್ರತಿ ತೋರಿಸಿ. ಚೆಕ್ ಬರೆಯುವುದನ್ನು ಹೊಸ ಸಹಿ ಕಂಪ್ಯೂಟರಿಗೆ ಏರಿದ ಮೇಲೆ ಇಟ್ಟುಕೊಳ್ಳಿ.

ನಗದಿಗೆ ಖಾತೆಯಿರುವ ಶಾಖೆಗೇ ಹೋಗಿ. ಬೇರೆ ಶಾಖೆಗಳಲ್ಲಿ ಮೊತ್ತದ ಮಿತಿ ಇರುತ್ತದೆ. ಎರಡು ಮೂರು ಕೆಲಸದ ದಿನ ಮುಂಚೆ ಮ್ಯಾನೇಜರಿಗೆ ಪತ್ರ ಅಥವಾ ಇಮೇಲ್‌ನಲ್ಲಿ ಮೊತ್ತ, ದಿನಾಂಕ, ಯಾವ ನೋಟು ಎಷ್ಟು ಎಂದು ತಿಳಿಸಿ. ಸಣ್ಣ ಊರಿನ ಶಾಖೆ ರಾತ್ರಿ ಇಟ್ಟುಕೊಳ್ಳಬಹುದಾದ ನಗದಿಗೆ ಮಿತಿಯಿದೆ. ಹೆಚ್ಚಿನದು ಕರೆನ್ಸಿ ಚೆಸ್ಟ್ (ನೋಟುಗಳ ದೊಡ್ಡ ಸಂಗ್ರಹ) ಇರುವ ಶಾಖೆಯಿಂದ ವ್ಯಾನಿನಲ್ಲಿ ಬರಬೇಕು. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ತಿಂಗಳ ಮೊದಲ ದಿನಗಳಲ್ಲಿ ಪಿಂಚಣಿಯವರ ಸಾಲು ಇರುತ್ತದೆ. ತಿಂಗಳ ನಡುವಿನ ಮಂಗಳವಾರ ಅಥವಾ ಬುಧವಾರ, ಬೆಳಿಗ್ಗೆ 11ರ ಸುಮಾರಿಗೆ ಹೋಗುವುದು ಒಳ್ಳೆಯದು.

4 ಲಕ್ಷವನ್ನು ನಾನಾದರೆ ಹೀಗೆ ಕೇಳುತ್ತೇನೆ: 500ರ ಆರು ಕಟ್ಟು, 200ರ ಮೂರು ಕಟ್ಟು, 100ರ ನಾಲ್ಕು ಕಟ್ಟು. ಕಟ್ಟಿಗೆ ನೂರು ನೋಟಿನಂತೆ 3 ಲಕ್ಷ, 60 ಸಾವಿರ, 40 ಸಾವಿರ. ಮದುವೆ ಮನೆಯಲ್ಲಿ ಚಿಲ್ಲರೆ ಇಲ್ಲದೆ ಆಗುವ ಪೇಚಾಟ ಎಲ್ಲರಿಗೂ ಗೊತ್ತು. 2,000ದ ನೋಟನ್ನು ರಿಸರ್ವ್ ಬ್ಯಾಂಕ್ 2023ರ ಮೇ 19ರಂದು ಚಲಾವಣೆಯಿಂದ ಹಿಂದೆಗೆದಿದೆ. ಹಳೆಯ ರಜೆಯಲ್ಲಿ ಬಿಟ್ಟು ಹೋದ ಒಂದೆರಡು ಕಪಾಟಿನಲ್ಲಿದ್ದರೆ ಊರಿನ ಶಾಖೆಯಲ್ಲಿ ಈಗ ಬದಲಿಸಿಕೊಡುವುದಿಲ್ಲ, ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಯಂಥ ವಿತರಣಾ ಕಚೇರಿಗೇ ಕೊಡಬೇಕು.

ಒಂದೇ ಭೇಟಿಯಲ್ಲಿ ಎಲ್ಲ ಮುಗಿಸಬಹುದು. ಸಭಾಭವನ, ಅಡುಗೆಯವರು, ಅಂಗಡಿ, ಕಂಟ್ರಾಕ್ಟರ್ ನಾಲ್ವರ ಖಾತೆ ಸಂಖ್ಯೆ ಮತ್ತು ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿಯನ್ನು ಅವರ ಚೆಕ್ಕಿನ ಫೋಟೊ ನೋಡಿಯೇ ಬರೆದುಕೊಂಡಿರಿ. ಖಾತೆಯಿಂದ ಖಾತೆಗೆ ಕಳಿಸಲು 2 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಆರ್‌ಟಿಜಿಎಸ್, ಕೆಳಗಿನದಕ್ಕೆ ನೆಫ್ಟ್. ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ, ಒಂದು ಅಂಕಿ ತಪ್ಪಿದರೆ ಬೇರೆಯವರಿಗೆ ಹೋಗಬಹುದು. ಕಳಿಸುವ ಮುನ್ನ ಎದುರಿನವರ ಹೆಸರು ತೋರಿಸುವ ಸೌಲಭ್ಯ 2025ರಿಂದ ಬಂದಿದೆ, ಅದನ್ನು ನೋಡಿ ಖಚಿತಪಡಿಸಿ ಎಂದು ಕೇಳಿ. ಉಳಿದ 4 ಲಕ್ಷ ನಗದಿನ ಚೆಕ್ಕಿನಲ್ಲಿ "ಸೆಲ್ಫ್" ಎಂದು ಬರೆಯುವುದನ್ನು ಕೌಂಟರಿನ ಮುಂದೆ ನಿಂತೇ ಮಾಡಿ. ಮೂಲೆಯಲ್ಲಿ ಅಭ್ಯಾಸಬಲದಿಂದ ಎರಡು ಗೆರೆ ಎಳೆದರೆ ಆ ಚೆಕ್ಕಿಗೆ ನಗದು ಸಿಗುವುದಿಲ್ಲ. ಚೆಕ್ಕಿನ ಹಿಂಭಾಗದ ಸಹಿಯನ್ನು ಕ್ಯಾಷಿಯರ್ ಕೇಳಿದಾಗ ಹಾಕಿ.

ಹಣವನ್ನು ಯಂತ್ರದಲ್ಲಿ ಓಡಿಸುವಾಗ ಪರದೆಯ ಮೇಲೆ ಪ್ರತಿ ಕಟ್ಟಿಗೂ 100 ಎಂದು ಬರುವುದನ್ನು ನೋಡಿ. ಕಟ್ಟಿನ ನಡುವೆ ಸಣ್ಣ ಬೆಲೆಯ ನೋಟು, ಹರಿದ ನೋಟು ಸೇರಿದ್ದರೆ ಅಲ್ಲೇ ಬದಲಿಸಿಕೊಳ್ಳಿ, ಕೌಂಟರ್ ಬಿಟ್ಟ ಮೇಲೆ ಯಾರೂ ಒಪ್ಪುವುದಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ನೇರ ಮನೆಗೆ ಬನ್ನಿ. ಚುನಾವಣೆ ನೀತಿ ಸಂಹಿತೆ ಜಾರಿಯಲ್ಲಿದ್ದರೆ 50,000 ಮೀರಿದ ನಗದಿಗೆ ದಾರಿಯಲ್ಲಿ ದಾಖಲೆ ಕೇಳುತ್ತಾರೆ. ಪಾಸ್‌ಬುಕ್ಕಿಗೆ ಅಂದೇ ಎಂಟ್ರಿ ಹಾಕಿಸಿ, ಮದುವೆ ಕಾಗದದ ಜೊತೆ ಗಾಡಿಯಲ್ಲಿಟ್ಟುಕೊಳ್ಳಿ.

ತಂದೆಯವರಿಗೆ ಚೆಕ್ ಕಳಿಸುವ ವಿಚಾರ. ಸಹಿ ಹಾಕಿದ ಸೆಲ್ಫ್ ಚೆಕ್ಕನ್ನು ಕೊರಿಯರಿನಲ್ಲಿ ಅಥವಾ ಊರಿಗೆ ಹೊರಟವರ ಕೈಯಲ್ಲಿ ದಯವಿಟ್ಟು ಕಳಿಸಬೇಡಿ. ಅದು ಯಾರ ಕೈಗೆ ಸಿಕ್ಕರೂ ಅಪಾಯ. ಕಳಿಸಲೇಬೇಕೆಂದರೆ ತಂದೆಯವರ ಹೆಸರು ಬರೆದು "ಬೇರರ್" (ತಂದವರಿಗೆ ಹಣ ಕೊಡಿ) ಎಂಬುದನ್ನು ಹೊಡೆದುಹಾಕಿ. ಚೆಕ್ಕಿನ ಆಯಸ್ಸು ಮೂರು ತಿಂಗಳು ಮಾತ್ರ. ಅದಕ್ಕಿಂತ ಸುಲಭವಾದದ್ದು, ಅವರ ಖಾತೆಗೆ ನೆಟ್ ಬ್ಯಾಂಕಿಂಗಿನಲ್ಲಿ ನೀವೇ ಹಣ ಕಳಿಸಿ, ಅವರು ತಮ್ಮ ಸಹಿಯಲ್ಲಿ ತೆಗೆಯುವುದು. ಹೊಸ ಖಾತೆ ಸೇರಿಸಿದ ಮೊದಲ ದಿನ ಹಲವು ಬ್ಯಾಂಕುಗಳು ಸಣ್ಣ ಮೊತ್ತವನ್ನಷ್ಟೇ ಬಿಡುತ್ತವೆ. ಒಟಿಪಿ ಭಾರತದ ನಂಬರಿಗೆ ಬರುವುದಾದರೆ ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮನೆ ಕೆಲಸ ವರ್ಷವಿಡೀ ನಡೆಯುವುದಾದರೆ ಮುಕ್ತ್ಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ ಮಾಡಿಸುವುದು ಒಳ್ಳೆಯದು. ಬ್ಯಾಂಕಿನದ್ದೇ ನಮೂನೆ ಇದ್ದರೆ ಅದನ್ನು ತರಿಸಿಕೊಳ್ಳಿ, ಖಾತೆ ಸಂಖ್ಯೆಯನ್ನೂ "ನಗದು ಹಿಂಪಡೆಯುವ ಅಧಿಕಾರ" ಎಂಬ ಮಾತನ್ನೂ ಸ್ಪಷ್ಟವಾಗಿ ಬರೆಸಿ, ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ದೃಢೀಕರಿಸಿ. ಕರ್ನಾಟಕಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಅಧಿಕಾರದಲ್ಲಿ ತಂದೆಯವರು ರೂಪಾಯಿಯ ಸ್ಥಳೀಯ ಪಾವತಿಗಳನ್ನು ಮಾಡಬಹುದು. ನಿಮ್ಮ ಪರವಾಗಿ ಯಾರಿಗೂ ಉಡುಗೊರೆ ಕೊಡುವಂತಿಲ್ಲ, ಹಣವನ್ನು ಇನ್ನೊಂದು ಎನ್‌ಆರ್‌ಒ ಖಾತೆಗೆ ದಾಟಿಸುವಂತಿಲ್ಲ. ತಂಗಿಗೆ ನೀವು ಕೊಡುವ ಉಡುಗೊರೆ ನಿಮ್ಮ ಕೈಯಿಂದಲೇ ಹೋಗಬೇಕು.

ದುಬೈನಿಂದ ನಗದು ತರುವುದು. ಭಾರತೀಯ ನೋಟುಗಳಾದರೆ ಒಬ್ಬರಿಗೆ 25,000 ರೂಪಾಯಿ ಮಾತ್ರ. ವಿದೇಶಿ ನೋಟಿಗೆ ಮೇಲ್ಮಿತಿ ಇಲ್ಲ, ಆದರೆ 5,000 ಡಾಲರ್ ಬೆಲೆ ಮೀರಿದ ನೋಟುಗಳಿದ್ದರೆ ಇಲ್ಲಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕರೆನ್ಸಿ ಘೋಷಣೆ ಪತ್ರ ತುಂಬಬೇಕು. ದಿರ್ಹಮಿನ ಲೆಕ್ಕದಲ್ಲಿ ಅದು ಸುಮಾರು 18,360. ಅಲ್ಲಿಂದ ಹೊರಡುವಾಗ 60,000 ದಿರ್ಹಮ್ ಮೀರಿದ್ದರೆ ಅಲ್ಲಿಯೂ ಘೋಷಿಸಬೇಕು. ಇಷ್ಟೆಲ್ಲ ಮಾಡಿ ತಂದ ನೋಟಿಗೆ ಇಲ್ಲಿ ಸಿಗುವ ವಿನಿಮಯ ದರ, ಅಲ್ಲಿಂದ ನೇರ ಎನ್‌ಆರ್‌ಇ ಖಾತೆಗೆ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ಕಳಿಸಿದರೆ ಸಿಗುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. "ಅಲ್ಲಿ ದಿರ್ಹಮ್ ಕೊಡಿ, ಮನೆಗೆ ರೂಪಾಯಿ ತಲುಪಿಸುತ್ತೇವೆ" ಎನ್ನುವ ಹುಂಡಿಯವರ ಕಡೆ ಹೋಗಲೇಬೇಡಿ. ಅದು ಅಪರಾಧ, ಮತ್ತು ಹಾಗೆ ಬಂದ ಹಣಕ್ಕೆ ಮೂಲ ತೋರಿಸಲು ನಿಮ್ಮ ಬಳಿ ಯಾವ ಕಾಗದವೂ ಇರುವುದಿಲ್ಲ.

ಖರ್ಚನ್ನು ಮೊದಲು ಎನ್‌ಆರ್‌ಒದಿಂದಲೇ ಮಾಡಿ, ಎನ್‌ಆರ್‌ಇ ಹಣವನ್ನು ಕೊನೆಗೆ ಮುಟ್ಟಿ. ಎನ್‌ಆರ್‌ಇಯಲ್ಲಿರುವುದನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು, ಬಡ್ಡಿಗೂ ಭಾರತದಲ್ಲಿ ತೆರಿಗೆಯಿಲ್ಲ. ಎನ್‌ಆರ್‌ಒ ಹಣ ಹೊರಗೆ ಕಳಿಸಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ತೆರಿಗೆ ಕಟ್ಟಿದ ಪುರಾವೆ, ಬೇಕಾದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಎಲ್ಲ ಬೇಕು. ಮದುವೆ ಮುಗಿದ ಮೇಲೆ ರೂಪಾಯಿ ನಗದು ಉಳಿದರೆ ಅದನ್ನು ಎನ್‌ಆರ್‌ಇಗೆ ಕಟ್ಟಲಾಗುವುದಿಲ್ಲ, ಎನ್‌ಆರ್‌ಒಗೇ ಕಟ್ಟಬೇಕು. ಕಟ್ಟುವಾಗ ಪ್ಯಾನ್ ಕೊಡಿ, ಚಲನ್‌ನ ಪ್ರತಿಯನ್ನು ಹಿಂದೆ ಹಣ ತೆಗೆದ ದಿನದ ಪಾಸ್‌ಬುಕ್ ಪುಟದ ಜೊತೆ ಪಿನ್ ಹಾಕಿಡಿ. ಇದು ಎಲ್ಲಿಂದ ಬಂದ ನಗದು ಎಂದು ಎರಡು ವರ್ಷದ ಮೇಲೆ ಯಾರಾದರೂ ಕೇಳಿದರೆ ತೋರಿಸಲು ಆ ಎರಡು ಹಾಳೆ ಸಾಕು.